ಕಾರಿನೊಳಗೆ ನಾಯಿ, ಹೊರಗೆ ನಾಲ್ಕು ಜನ: ಬೈಯುವ ಮೊದಲು ಏನು ನೋಡಬೇಕು, ಏನು ಮಾಡಬೇಕು

ಮೈಸೂರಿನ ಕಾಳಿದಾಸ ರಸ್ತೆಯಲ್ಲೋ ದೇವರಾಜ ಅರಸು ರಸ್ತೆಯಲ್ಲೋ ಈ ದೃಶ್ಯ ಈಗ ಮಾಮೂಲು. ಬೇಕರಿ ಮುಂದೆ ಒಂದು ಕಾರು ನಿಂತಿರುತ್ತದೆ. ಹಿಂದಿನ ಸೀಟಿನಲ್ಲಿ ಒಂದು ಲ್ಯಾಬ್ರಡಾರ್ ಗಾಜಿಗೆ ಮೂಗು ಒತ್ತಿಕೊಂಡು ಬಾಗಿಲ ಕಡೆ ನೋಡುತ್ತಿರುತ್ತದೆ. ಎರಡು ನಿಮಿಷದಲ್ಲಿ ನಾಲ್ಕು ಜನ ಸೇರುತ್ತಾರೆ. ಒಬ್ಬರು "ಪಾಪ, ಸಾಕೋಕೆ ಆಗ್ದೇ ಇದ್ಮೇಲೆ ಯಾಕ್ ತರ್ಬೇಕು?" ಅನ್ನುತ್ತಾರೆ. ಇನ್ನೊಬ್ಬರು "ಬಿಡಿ ಸಾರ್, ಎಸಿ ಹಾಕಿರ್ತಾರೆ" ಅನ್ನುತ್ತಾರೆ. ಮೂರನೆಯವರು ನಂಬರ್ ಪ್ಲೇಟ್ ಸಮೇತ ವಿಡಿಯೊ ತೆಗೆಯುತ್ತಾರೆ. ನಾಯಿಯನ್ನು ಸರಿಯಾಗಿ ನೋಡಿದವರು ಮಾತ್ರ ಯಾರೂ ಇರುವುದಿಲ್ಲ.

ಈ ಬರಹ ಇಬ್ಬರಿಗೂ. ಕಾರಿನ ಹೊರಗೆ ನಿಂತು ಸಂಕಟಪಡುವವರಿಗೆ, ನಾಯಿಯನ್ನು ಕಾರಿನಲ್ಲಿ ಕೂರಿಸಿ ಹೋಗಿ ಬೈಸಿಕೊಳ್ಳುವವರಿಗೆ. ಮಾಲೀಕರು ಒಳ್ಳೆಯವರೋ ಕೆಟ್ಟವರೋ ಅನ್ನುವುದು ಗಾಜಿನ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನಾಯಿಗೆ ಸೆಕೆ ತಡೆಯಲು ಆಗುತ್ತಿದೆಯೋ ಇಲ್ಲವೋ ಅನ್ನುವುದು ಗೊತ್ತಾಗುತ್ತದೆ. ಆದ್ದರಿಂದ ಅದನ್ನೇ ನೋಡಿ.

ಮೊದಲು ಬಿಸಿಲಿನ ಲೆಕ್ಕ

"ನಮ್ಮ ಮೈಸೂರಲ್ಲಿ ಏನು ಅಂಥ ಸೆಕೆ?" ಅನ್ನುವ ಹೆಮ್ಮೆ ನಮಗೆಲ್ಲ ಇದೆ. ಊರಿನ ಗಾಳಿಗೆ ಆ ಮಾತು ಸರಿ. ಕಾರಿನೊಳಗಿನ ಗಾಳಿಗೆ ಅಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ಶಾಖವನ್ನು ಅಳೆದು 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಮೇಲೆ ಇಂಥ ಅಳತೆಗಳು ಎಷ್ಟೋ ಬಂದಿವೆ. ಲೆಕ್ಕ ಸುಮಾರು ಹೀಗಿದೆ: ಹೊರಗಿನ ಶಾಖಕ್ಕಿಂತ ಒಳಗೆ 10 ನಿಮಿಷಕ್ಕೆ 10 ಡಿಗ್ರಿ ಸೆಲ್ಸಿಯಸ್ ಜಾಸ್ತಿ, 20 ನಿಮಿಷಕ್ಕೆ 16 ಡಿಗ್ರಿ ಜಾಸ್ತಿ, ಅರ್ಧ ಗಂಟೆಗೆ 19 ಡಿಗ್ರಿ ಜಾಸ್ತಿ. ಒಂದು ಗಂಟೆಯಲ್ಲಿ ಏರುವ ಶಾಖದ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿರುತ್ತದೆ. ಕಿಟಕಿಯನ್ನು ಒಂದೂವರೆ ಇಂಚು ಇಳಿಸಿ ನೋಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ನಮ್ಮೂರಿಗೆ ಹಾಕಿ ನೋಡಿ. ಡಿಸೆಂಬರ್ ತಿಂಗಳ ಹಿತವಾದ ಮಧ್ಯಾಹ್ನ, ಹೊರಗೆ 27 ಡಿಗ್ರಿ. ಬಿಸಿಲಿಗೆ ನಿಂತ ಕಾರಿನಲ್ಲಿ 10 ನಿಮಿಷಕ್ಕೆ 37, ಅರ್ಧ ಗಂಟೆಗೆ 46. ಏಪ್ರಿಲ್‌ನಲ್ಲಿ ಹೊರಗೆ 34 ಇದ್ದರೆ 10 ನಿಮಿಷಕ್ಕೆ 44, ಅರ್ಧ ಗಂಟೆಗೆ 53. ಮಂಡ್ಯದ ಕಡೆಯೂ ಇದೇ ಕಥೆ. ಬಿಸಿಲು ಗಾಜಿನಿಂದ ಒಳಗೆ ಬಂದು ಡ್ಯಾಶ್‌ಬೋರ್ಡ್, ಸೀಟು, ಸ್ಟೀರಿಂಗನ್ನು ಕಾಯಿಸುತ್ತದೆ. ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಲ್ಲಿ ಅಷ್ಟಿಷ್ಟು ಬೆವರುತ್ತದೆ. ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ನಾಲಿಗೆ ಚಾಚಿ ತೇಕುವುದು. ತೇಕಿದಾಗ ಬಾಯಿಯ ತೇವ ಆರಿ ಶಾಖ ಹೊರಗೆ ಹೋಗುತ್ತದೆ. ಮುಚ್ಚಿದ ಕಾರಿನಲ್ಲಿ ತೇಕಿ ತೇಕಿ ಗಾಳಿಯೇ ತೇವವಾಗಿಬಿಡುತ್ತದೆ. ಆಮೇಲೆ ಎಷ್ಟು ತೇಕಿದರೂ ಉಪಯೋಗವಿಲ್ಲ. ನಾಯಿಯ ಮೈ ಶಾಖ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ನಡುವೆ ಇರುವುದು ಎರಡು ಡಿಗ್ರಿಗಿಂತ ಕಡಿಮೆ.

ಈಗ ನಾಯಿಯನ್ನು ನೋಡಿ

ಕಾರಿನ ಹತ್ತಿರ ಹೋಗಿ. ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ನೋಡಿ. ಎಂಜಿನ್ ಓಡುತ್ತಿದೆಯಾ, ಕಿಟಕಿ ಎಷ್ಟು ಇಳಿದಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಅಂತ ಗಮನಿಸಿ. ಫೋನ್ ತೆಗೆದು ಗಂಟೆ ಎಷ್ಟು ಅಂತ ನೋಡಿಕೊಳ್ಳಿ. ಇದು ಮುಖ್ಯ. ಸುಮ್ನೆ ನಿಂತು ಕಾಯುವವರಿಗೆ ಮೂರು ನಿಮಿಷ ಹದಿನೈದು ನಿಮಿಷದ ಹಾಗೆ ಅನ್ನಿಸುತ್ತದೆ. ಆಮೇಲೆ "ಅರ್ಧ ಗಂಟೆಯಿಂದ ಇಲ್ಲೇ ಇದೆ" ಅಂತ ಎಲ್ಲರೂ ನಂಬಿಕೆಯಿಂದಲೇ ಹೇಳುತ್ತಾರೆ.

ನಾಯಿ ಮಲಗಿದೆ, ಬಾಯಿ ಮುಚ್ಚಿದೆ, ಮೆಲ್ಲಗೆ ಗಾಜು ತಟ್ಟಿದರೆ ತಲೆ ಎತ್ತಿ ನೋಡುತ್ತದೆ ಅಂದರೆ ಆತಂಕ ಬೇಡ. ಬೊಗಳುತ್ತಿದೆ, ಬಾಲ ಅಲ್ಲಾಡಿಸುತ್ತಿದೆ, ಸೀಟಿನಿಂದ ಸೀಟಿಗೆ ಹಾರುತ್ತಿದೆ ಅಂದರೆ ಬೇಜಾರಾಗಿರಬಹುದು, ಇಲ್ಲವೇ ನಿಮ್ಮನ್ನು ಕಂಡು ಕಾರು ಕಾಯುವ ಕೆಲಸ ಶುರು ಮಾಡಿರಬಹುದು. ನೀವು ಗುಂಪು ಕಟ್ಟಿಕೊಂಡು ಗಾಜಿಗೆ ಮುಖ ಇಟ್ಟರೆ ಅದು ಇನ್ನೂ ಗಾಬರಿಯಾಗಿ ತೇಕುತ್ತದೆ. ಒಬ್ಬರು ನೋಡಿದರೆ ಸಾಕು, ಉಳಿದವರು ದೂರ ನಿಲ್ಲಲಿ.

ಯೋಚನೆ ಮಾಡಬೇಕಾದ ಲಕ್ಷಣಗಳೇ ಬೇರೆ. ನಾಲಿಗೆ ಅಗಲವಾಗಿ ಪೂರ್ತಿ ಹೊರಗೆ ಚಾಚಿದೆ, ಉಸಿರು ಬಿಡುವಿಲ್ಲದೆ ಓಡುತ್ತಿದೆ. ಜೊಲ್ಲು ಅಂಟಂಟಾಗಿ ದಾರದ ಹಾಗೆ ಇಳಿಯುತ್ತಿದೆ. ಒಸಡು ಕಡುಗೆಂಪಾಗಿದೆ. ಬಾಗಿಲನ್ನು ಕೆರೆಯುತ್ತಿದೆ. ಇಷ್ಟು ಕಂಡರೆ ಕೆಲಸ ಶುರು ಮಾಡಿ. ವಾಂತಿ ಮಾಡಿದೆ, ಎದ್ದು ನಿಂತರೆ ತೂರಾಡುತ್ತದೆ, ಕಣ್ಣು ಎಲ್ಲೋ ನೆಟ್ಟಿದೆ, ಗಾಜು ತಟ್ಟಿದರೂ ಅಲ್ಲಾಡುವುದಿಲ್ಲ ಅಂದರೆ ಮಾಲೀಕರಿಗಾಗಿ ಕಾಯುವ ಸಮಯ ಮುಗಿದಿದೆ. ಜನ ಬೊಗಳುವ ನಾಯಿಯನ್ನು ಕಂಡು ಓಡಿ ಬರುತ್ತಾರೆ, ಸದ್ದಿಲ್ಲದೆ ಬಿದ್ದಿರುವುದನ್ನು ಕಂಡು "ನಿದ್ದೆ ಮಾಡ್ತಿದೆ" ಅಂತ ಹೋಗಿಬಿಡುತ್ತಾರೆ. ಹೆದರಬೇಕಾದದ್ದು ಎರಡನೆಯದಕ್ಕೆ.

ಪಗ್, ಶಿಟ್ಜು, ಬುಲ್‌ಡಾಗ್, ಬಾಕ್ಸರ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟವೇ ಕಷ್ಟ. ವಯಸ್ಸಾದವು, ಮರಿಗಳು, ದಪ್ಪ ಆಗಿರುವವು, ಹಸ್ಕಿಯಂಥ ದಟ್ಟ ಕೂದಲಿನವು ಕೂಡ ಬೇಗ ಸೋಲುತ್ತವೆ. ಹಸ್ಕಿಯನ್ನು ಮೈಸೂರಿಗೆ ತಂದು ಸಾಕುವುದರ ಬಗ್ಗೆ ನನಗೆ ಬೇರೆಯೇ ತಕರಾರಿದೆ, ಅದು ಇಲ್ಲಿ ಬೇಡ.

ಮಾಲೀಕರನ್ನು ಹುಡುಕುವುದು

ನಮ್ಮ ಊರುಗಳಲ್ಲಿ ಇದು ಅಷ್ಟೇನೂ ಕಷ್ಟದ ಕೆಲಸವಲ್ಲ, ಯಾರೂ ಮಾಡುವುದಿಲ್ಲ ಅಷ್ಟೇ. ಕಾರಿನ ನಂಬರ್, ಬಣ್ಣ, ಕಂಪನಿ ಬರೆದುಕೊಳ್ಳಿ. ಹತ್ತಿರದ ಎಳನೀರಿನವರನ್ನು, ಹೂವಿನವರನ್ನು, ಪಾರ್ಕಿಂಗ್ ಚೀಟಿ ಹರಿಯುವವರನ್ನು ಕೇಳಿ. ಯಾರು ಇಳಿದರು, ಯಾವ ಕಡೆ ಹೋದರು ಅನ್ನುವುದು ಅವರಿಗೆ ಗೊತ್ತಿರುತ್ತದೆ. "ಅಣ್ಣ, ಈ ಬಿಳಿ ಕಾರಿನವ್ರು ಎಲ್ಲಿಗೆ ಹೋದ್ರು?" ಅಂದರೆ ಸಾಕು. ಮಂಡ್ಯದಲ್ಲಾದರೆ ನೀವು ಕೇಳುವ ಮುಂಚೆಯೇ "ಯಾರ್ದ್ಲಾ ಈ ಕಾರು, ಒಳ್ಗೆ ನಾಯಿ ಐತೆ" ಅಂತ ಒಬ್ಬರು ಕೂಗಿರುತ್ತಾರೆ.

ಕಲ್ಯಾಣ ಮಂಟಪದ ಮುಂದೆ ಕಾರು ಇದ್ದರೆ ನೇರ ಮೈಕಿನವರ ಹತ್ತಿರ ಹೋಗಿ. "ಕೆಎ 09, ಇಂಥ ನಂಬರಿನ ಕಾರಿನವರು ಕೂಡಲೇ ಹೊರಗೆ ಬನ್ನಿ" ಅಂತ ಒಂದು ಸಲ ಹೇಳಿದರೆ ಊಟದ ಪಂಕ್ತಿಯಿಂದಲೂ ಎದ್ದು ಬರುತ್ತಾರೆ. ನಾಯಿ ವಿಷಯ ಮೈಕಿನಲ್ಲಿ ಹೇಳುವುದು ಬೇಡ. ಮದುವೆ ಮನೆಯಲ್ಲಿ ಮಾನ ಹೋದವರು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ನಾಯಿ ಒಳಗೇ ಇರುತ್ತದೆ. ಮಾಲ್, ಸೂಪರ್ ಮಾರ್ಕೆಟ್, ಆಸ್ಪತ್ರೆಯಲ್ಲಾದರೆ ಸೆಕ್ಯೂರಿಟಿಯವರಿಗೆ ಹೇಳಿ. ಯಾರೂ ಸಿಗದಿದ್ದರೆ ಕಾರನ್ನು ಸ್ವಲ್ಪ ಅಲ್ಲಾಡಿಸಿ. ಅಲಾರಂ ಕೂಗಿಕೊಂಡರೆ ಮಾಲೀಕರು ಎಲ್ಲಿದ್ದರೂ ಓಡಿ ಬರುವುದು ಖಾತ್ರಿ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕರ ಫೋನ್ ಸಿಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಸಿಗುವುದಿಲ್ಲ. ಅದರಲ್ಲಿ ಸಮಯ ಹಾಳು ಮಾಡಬೇಡಿ.

ಬಂದವರ ಜೊತೆ ಮಾತು

ಅವರು ಬಂದಾಗ ನಿಮ್ಮ ಮೊದಲ ಮಾತು ನಾಯಿಯ ಬಗ್ಗೆ ಇರಲಿ, ಅವರ ಬಗ್ಗೆ ಬೇಡ. "ಸಾರ್, ನಿಮ್ಮ ನಾಯಿ ತುಂಬಾ ತೇಕ್ತಾ ಇದೆ, ಸ್ವಲ್ಪ ಬಾಗಿಲು ತೆಗೀತೀರಾ?" ಅಂದರೆ ನೂರಕ್ಕೆ ತೊಂಬತ್ತು ಜನ ಮೊದಲು ಬಾಗಿಲು ತೆಗೆಯುತ್ತಾರೆ. "ಏನ್ರೀ, ಮನುಷ್ಯತ್ವ ಇಲ್ವಾ ನಿಮ್ಗೆ?" ಅಂದರೆ ಮೊದಲು ಉತ್ತರ ಕೊಡುತ್ತಾರೆ, ಬಾಗಿಲು ಆಮೇಲೆ. ಬಂದವರು ಹೆಂಗಸು, ಒಬ್ಬರೇ ಇದ್ದರೆ ನಾಲ್ಕು ಗಂಡಸರು ಸುತ್ತುವರಿದು ಬುದ್ಧಿ ಹೇಳುವುದು ಇನ್ನೂ ಕೆಟ್ಟದ್ದು. ಒಬ್ಬರು ಮಾತಾಡಿ.

ಕಾರಣ ಕೇಳಿ ತೀರ್ಪು ಕೊಡುವ ಅಗತ್ಯ ನಿಮಗಿಲ್ಲ. ಅವರು ತಾಯಿಗೆ ಔಷಧಿ ತರಲು ಇಳಿದಿರಬಹುದು, ಸೀರೆ ನೋಡುತ್ತಾ ಕೂತಿರಬಹುದು. ನಾಯಿಯ ಮೈ ಶಾಖಕ್ಕೆ ಎರಡೂ ಒಂದೇ.

ವಿಡಿಯೊ ವಿಷಯ. ನಾಯಿಯ ಸ್ಥಿತಿ, ಸಮಯ, ಕಿಟಕಿ, ನಂಬರ್ ಪ್ಲೇಟ್ ಕಾಣುವ ಹಾಗೆ ಒಂದು ತೆಗೆದಿಟ್ಟುಕೊಳ್ಳಿ. ಪೊಲೀಸರಿಗೆ ಕೊಡಲು ಬೇಕಾಗಬಹುದು. ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಹತ್ತು ಸೆಕೆಂಡಿನ ವಿಡಿಯೊದಲ್ಲಿ ಎಸಿ ಓಡುತ್ತಿರುವುದು ಕಾಣುವುದಿಲ್ಲ, ಮಾಲೀಕರು ಎರಡು ಹೆಜ್ಜೆ ಆಚೆ ಕಾಫಿ ಕುಡಿಯುತ್ತಾ ನಿಂತಿರುವುದೂ ಕಾಣುವುದಿಲ್ಲ. ಕಾಣುವುದು ಮುಖ ಮತ್ತು ನಂಬರ್ ಮಾತ್ರ. ಸಂಜೆಯೊಳಗೆ ಅವರ ಮಕ್ಕಳ ಸ್ಕೂಲಿನವರೆಗೂ ಅದು ಹೋಗಿರುತ್ತದೆ.

ಯಾರೂ ಬಾರದೆ ನಾಯಿ ಕುಸಿಯುತ್ತಿದ್ದರೆ

112ಕ್ಕೆ ಫೋನ್ ಮಾಡಿ. ಜಾಗ, ಕಾರಿನ ನಂಬರ್, ನಾಯಿ ಪ್ರಜ್ಞೆ ತಪ್ಪುತ್ತಿದೆ ಅನ್ನುವುದು, ಈ ಮೂರನ್ನು ಹೇಳಿ. ನಂಬರ್ ಹಿಡಿದು ಮಾಲೀಕರನ್ನು ಪತ್ತೆ ಮಾಡುವ ದಾರಿ ಪೊಲೀಸರಿಗಿದೆ. 1962 ಅನ್ನುವುದು ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ. ಅದು ಮುಖ್ಯವಾಗಿ ಹಸು, ಎಮ್ಮೆ, ಕುರಿಗಳಿಗಾಗಿ ಇರುವುದು. ಇಂಥ ಹೊತ್ತಲ್ಲಿ ಹತ್ತಿರದ ಖಾಸಗಿ ಪಶುವೈದ್ಯರಿಗೆ ಫೋನ್ ಮಾಡುವುದೇ ಬೇಗ.

ಕಾನೂನು ಏನು ಹೇಳುತ್ತದೆ? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲಿ ಬಂದದ್ದು. ಪ್ರಾಣಿಗೆ ಅನಗತ್ಯ ನೋವು ಕೊಡುವುದು, ಮಾಲೀಕರಾಗಿ ನೀರು ಆಸರೆ ಕೊಡದಿರುವುದು ಅದರ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ ರೂಪಾಯಿ. ಈ ಕಾಯ್ದೆ ತೋರಿಸಿ ಯಾರನ್ನೂ ಹೆದರಿಸಲು ಆಗುವುದಿಲ್ಲ.

ಗಾಜು ಒಡೆಯುವುದು? ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಇದಕ್ಕೆ ಕಾನೂನಿನ ರಕ್ಷಣೆ ಇದೆ. ಅಲ್ಲಿಯೂ ಮೊದಲು ಕಾರಿಗೆ ಬೀಗ ಹಾಕಿದೆಯಾ ಅಂತ ನೋಡಬೇಕು, ಪೊಲೀಸರಿಗೋ ಪ್ರಾಣಿ ನಿಯಂತ್ರಣದವರಿಗೋ ತಿಳಿಸಬೇಕು, ಅವರು ಬರುವ ತನಕ ನಾಯಿಯ ಜೊತೆ ಅಲ್ಲೇ ಇರಬೇಕು. ನಮ್ಮಲ್ಲಿ ನಾಯಿ ಉಳಿಸಲು ಗಾಜು ಒಡೆದವರನ್ನು ಕಾಯುವ ಪ್ರತ್ಯೇಕ ಕಾನೂನಿಲ್ಲ. ಆದರೂ ಜೀವ ಹೋಗುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತಿದ್ದರೆ, ಪೊಲೀಸರು ಬರುವುದು ತಡವಾದರೆ, ನಾನಂತೂ ಒಡೆಯುವ ಪರ. ಖರ್ಚು, ಜಗಳ ಎರಡೂ ನಿಮ್ಮ ತಲೆ ಮೇಲೆ ಬರಬಹುದು ಅಂತ ತಿಳಿದೇ ಒಡೆಯಿರಿ. ಮೊದಲು ನಾಲ್ಕೂ ಬಾಗಿಲು, ಡಿಕ್ಕಿ ಎಳೆದು ನೋಡಿ. ಎಷ್ಟೋ ಸಲ ಒಂದು ತೆರೆದೇ ಇರುತ್ತದೆ. 112ಕ್ಕೆ ಫೋನ್ ಮಾಡಿದಾಗಲೇ "ಒಡೆಯಬೇಕಾಗಿ ಬಂದಿದೆ" ಅಂತ ಹೇಳಿ. ಇಬ್ಬರು ಸಾಕ್ಷಿಗಳ ಮುಂದೆ, ವಿಡಿಯೊ ಓಡುತ್ತಿರುವಾಗ, ನಾಯಿಯಿಂದ ದೂರ ಇರುವ ಪಕ್ಕದ ಕಿಟಕಿಯ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆಯಿರಿ. ಮುಂದಿನ ದೊಡ್ಡ ಗಾಜಿನ ತಂಟೆಗೆ ಹೋಗಬೇಡಿ. ಅದು ಬಿರುಕು ಬಿಡುತ್ತದೆ, ಬೀಳುವುದಿಲ್ಲ.

ಬಾಗಿಲು ತೆರೆಯುವ ಮುನ್ನ ಕೈಯಲ್ಲಿ ಟವೆಲ್ಲೋ ದುಪಟ್ಟಾವೋ ಇರಲಿ. ಗಾಬರಿಯಾದ ನಾಯಿ ನೇರ ರಸ್ತೆಗೆ ಹಾರುತ್ತದೆ, ಕಚ್ಚಲೂಬಹುದು. ಕಚ್ಚಿದರೆ ಸಾಕುನಾಯಿ ತಾನೇ ಅಂತ ಬಿಡದೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಹೊರಗೆ ತಂದ ಮೇಲೆ ಮೊದಲು ತಂಪು, ಆಮೇಲೆ ಆಸ್ಪತ್ರೆ. ನೆರಳಿಗೆ ಒಯ್ಯಿರಿ. ಅಂಗಡಿಯವರ ಹತ್ತಿರ ಬಕೆಟ್ ನೀರು, ಪೈಪು ಏನು ಸಿಕ್ಕರೂ ತನ್ನಿ. ತಲೆ ಮತ್ತು ಮೂಗು ಬಿಟ್ಟು ಮೈಗೆಲ್ಲ ನೀರು ಸುರಿಯುತ್ತಾ ಇರಿ, ರಟ್ಟಿನಿಂದ ಗಾಳಿ ಬೀಸಿ. ನಲ್ಲಿ ನೀರೇ ಸಾಕು, ಐಸ್ ಹುಡುಕುತ್ತಾ ಓಡಬೇಡಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ, ಹಾಗೆ ಮಾಡಬೇಡಿ. ಕುಡಿಯಲು ನೀರು ಮುಂದಿಡಿ, ಬಾಯಿಗೆ ಹುಯ್ಯಬೇಡಿ. ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಎಸಿ ಹಾಕಿದ ಗಾಡಿಯಲ್ಲಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎದ್ದು ಬಾಲ ಆಡಿಸಿದರೂ ಹೋಗಲೇಬೇಕು. ಮೂತ್ರಪಿಂಡಕ್ಕೆ, ರಕ್ತ ಹೆಪ್ಪುಗಟ್ಟುವ ಶಕ್ತಿಗೆ ಆದ ಪೆಟ್ಟು ಒಂದೆರಡು ದಿನ ಕಳೆದ ಮೇಲೆ ಹೊರಗೆ ಬರುತ್ತದೆ.

ಸುಮ್ನೆ ಮುಂದೆ ಹೋಗಬೇಕಾದ ಸಂದರ್ಭ

ಜನವರಿಯ ಸಂಜೆ ಏಳು ಗಂಟೆ, ಕಿಟಕಿ ಇಳಿದಿದೆ, ನಾಯಿ ಸೀಟಿನ ಮೇಲೆ ಮುದುಡಿ ಮಲಗಿದೆ. ನಿಮ್ಮ ದಾರಿ ಹಿಡಿದು ಹೋಗಿ. ಬೀದಿ ನೋಡುತ್ತಾ ಕಾರಿನಲ್ಲಿ ಕೂತಿರುವುದು ಎಷ್ಟೋ ನಾಯಿಗಳಿಗೆ ಮನೆಯಲ್ಲಿ ಒಂಟಿಯಾಗಿ ಇರುವುದಕ್ಕಿಂತ ಇಷ್ಟ.

ಇನ್ನೊಂದು ವಿಷಯ. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಗಳಿಗೆ ಶಾಖಾಘಾತ ಆದ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಓಟ, ಆಟ, ನಡಿಗೆ. ಕಾರಿನಲ್ಲಿ ಸಿಕ್ಕಿಕೊಂಡದ್ದು ಶೇ. 5ರ ಆಸುಪಾಸು. ಅದು ಬ್ರಿಟನ್ನಿನ ಲೆಕ್ಕ, ನಿಜ. ಆದರೂ ನಮ್ಮ ರಿಂಗ್ ರೋಡ್ ಆಚೆಯ ಬಡಾವಣೆಗಳಲ್ಲಿ ಏಪ್ರಿಲ್ ತಿಂಗಳ ಹತ್ತು ಗಂಟೆ ಬಿಸಿಲಿನಲ್ಲಿ, ಕಾದ ಟಾರಿನ ಮೇಲೆ, ಸ್ಕೂಟರ್ ಪಕ್ಕ ನಾಯಿ ಓಡಿಸುವವರನ್ನು ಕಂಡು "ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ" ಅನ್ನುತ್ತೇವೆ. ಕಾರಿನವರಿಗೆ ಬೈಗುಳ, ಇವರಿಗೆ ಶಭಾಷ್. ಕಾರಿನ ಗಾಜು ಕಣ್ಣಿಗೆ ಕಟ್ಟುತ್ತದೆ, ಸ್ಕೂಟರಿನ ಹಗ್ಗ ಕಟ್ಟುವುದಿಲ್ಲ.

ನಾಯಿ ಇರುವವರಿಗೆ

ನಿಮ್ಮನ್ನು ಯಾರಾದರೂ ತಡೆದು ಕೇಳಿದರೆ ಸಿಟ್ಟು ಬರುತ್ತದೆ, ಗೊತ್ತು. "ನಮ್ಮ ನಾಯಿ, ನಮಗೆ ಗೊತ್ತು" ಅನ್ನುವುದು ಬಾಯಿಗೆ ಬಂದೇ ಬರುತ್ತದೆ. ಅದರ ಬದಲು "ನೋಡಿದ್ದಕ್ಕೆ ಥ್ಯಾಂಕ್ಸ್, ಈಗಷ್ಟೇ ಹೋಗಿದ್ದೆ" ಅಂದು ಬಾಗಿಲು ತೆಗೆಯಿರಿ. ಮುಂದೊಂದು ದಿನ ನಿಮ್ಮ ಎಸಿ ನಿಂತು ಹೋದಾಗ ಗಾಜು ತಟ್ಟುವವರು ಇಂಥವರೇ.

"ಐದು ನಿಮಿಷ" ಅನ್ನುವುದನ್ನು ನಂಬಬೇಡಿ. ಮೈಸೂರಿನಲ್ಲಿ ಐದು ನಿಮಿಷದ ಕೆಲಸ ಅಂತ ಇಲ್ಲವೇ ಇಲ್ಲ. ಕ್ಯೂ ಇರುತ್ತದೆ, ಫೋನ್‌ಪೇ ಸುತ್ತುತ್ತಾ ಕೂರುತ್ತದೆ, ಹೊರಗೆ ಬರುವಷ್ಟರಲ್ಲಿ "ಏನ್ ಸಾರ್, ನೋಡಿ ಎಷ್ಟ್ ದಿನ ಆಯ್ತು!" ಅಂತ ಹಳೆಯ ಪರಿಚಯದವರು ಕೈ ಹಿಡಿದು ನಿಲ್ಲಿಸುತ್ತಾರೆ. ನೆರಳನ್ನೂ ನಂಬಬೇಡಿ. ಹನ್ನೊಂದಕ್ಕೆ ಹೊಂಗೆ ಮರದ ಕೆಳಗೆ ನಿಲ್ಲಿಸಿದ ಕಾರು ಹನ್ನೆರಡಕ್ಕೆ ಬಿಸಿಲಿನಲ್ಲಿರುತ್ತದೆ.

ಎಸಿ ಹಾಕಿ ಬಿಟ್ಟು ಹೋಗುವುದು ಮುಚ್ಚಿದ ಕಾರಿಗಿಂತ ವಾಸಿ, ಆದರೆ ಅದೇ ಪರಿಹಾರ ಅಲ್ಲ. ನಿಂತ ಕಾರಿನಲ್ಲಿ ಎಂಜಿನ್ ಬಿಸಿಯಾಗಿ ಕಂಪ್ರೆಸರ್ ನಿಂತರೆ ನಿಮಗೆ ಗೊತ್ತಾಗುವುದಿಲ್ಲ. ನಾಯಿ ಕಾಲು ತಾಗಿಸಿ ಗಾಜು ಇಳಿಸುತ್ತದೆ, ಗೇರಿನ ಮೇಲೆ ಹತ್ತುತ್ತದೆ. ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ಎಂಜಿನ್ ಓಡಿಸಿಟ್ಟರೆ ಹೊಗೆಯ ವಿಷಗಾಳಿ ಬೇರೆ. ಒಬ್ಬರು ಕಾರಿನ ಹತ್ತಿರ ಇರುವುದೇ ಸರಿಯಾದ ದಾರಿ. ಯಾರೂ ಇಲ್ಲ, ಎಸಿ ಹಾಕಿ ಎರಡು ನಿಮಿಷಕ್ಕೆ ಇಳಿಯಲೇಬೇಕು ಅಂದರೆ, ಕಾರು ಕಣ್ಣಿಗೆ ಕಾಣುವ ಅಂಗಡಿಗೆ ಮಾತ್ರ ಹೋಗಿ. ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆದು ಗಾಜಿಗೆ ಅಂಟಿಸಿ: "ಎಸಿ ಆನ್ ಇದೆ. ಎದುರಿನ ಮೆಡಿಕಲ್‌ನಲ್ಲಿದ್ದೇನೆ. ಬಂದದ್ದು 6.40ಕ್ಕೆ", ಜೊತೆಗೆ ನಿಮ್ಮ ಫೋನ್ ನಂಬರ್. ಸಮಯ ಬರೆಯದ ಚೀಟಿಗೆ ಬೆಲೆ ಇಲ್ಲ.

ನಾಯಿ ಜೊತೆ ಬೆಂಗಳೂರಿನಿಂದ ಬರುವವರು ಊರು ನೋಡುವ ಪಟ್ಟಿಯನ್ನು ಮನೆಯಲ್ಲೇ ತಿದ್ದಿಕೊಳ್ಳಿ. ಅರಮನೆ, ಮೃಗಾಲಯ, ನಂಜನಗೂಡಿನ ದೇವಸ್ಥಾನ, ಎಲ್ಲಿಗೂ ನಾಯಿ ಒಳಗೆ ಹೋಗುವುದಿಲ್ಲ. ಮೃಗಾಲಯ ಒಂದೇ ಎರಡು ಮೂರು ಗಂಟೆ ಹಿಡಿಯುತ್ತದೆ. ಒಂದೋ ನಾಯಿಗೆ ಉಳಿಯುವ ಜಾಗ ಗೊತ್ತು ಮಾಡಿಕೊಂಡು ಬನ್ನಿ, ಇಲ್ಲ ಸರದಿ ಹಾಕಿಕೊಳ್ಳಿ: ಇಬ್ಬರು ಒಳಗೆ, ಒಬ್ಬರು ನಾಯಿ ಜೊತೆ ಹೊರಗೆ ನೆರಳಿನಲ್ಲಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಮೈದಾನದಲ್ಲಿ ನಿಲ್ಲಿಸಿ ಬಸ್ ಹತ್ತಬೇಕು. ದರ್ಶನ ಮುಗಿಸಿ ಕೆಳಗೆ ಬರುವುದು ಎಷ್ಟು ಹೊತ್ತಿಗೋ, ಆ ತಾಯಿಗೇ ಗೊತ್ತು. ಅವತ್ತು ನಾಯಿ ಮನೆಯಲ್ಲಿರಲಿ.

ದಸರಾದಲ್ಲೂ ಅಷ್ಟೇ. ಜಂಬೂಸವಾರಿ ದಿನ ರಸ್ತೆಗಳಿಗೆ ಬ್ಯಾರಿಕೇಡ್ ಬಿದ್ದ ಮೇಲೆ ನೀವು ಬಯಸಿದರೂ ಕಾರಿನ ಹತ್ತಿರ ವಾಪಸ್ ಹೋಗಲು ಆಗುವುದಿಲ್ಲ. ಮೇಲೆ 21 ಸುತ್ತು ಕುಶಾಲತೋಪಿನ ಸದ್ದು. ಹೆದರಿದ ನಾಯಿ ತೇಕುತ್ತದೆ, ಗಾಜಿಗೆ ಡಿಕ್ಕಿ ಹೊಡೆಯುತ್ತದೆ, ಸಂಜೆಯ ತಂಪಿನಲ್ಲೂ ಅದರ ಮೈ ಕಾಯುತ್ತದೆ.

ದಾರಿಯ ಊಟ ತಿಂಡಿಗೂ ಇದೇ ಲೆಕ್ಕ. ಮದ್ದೂರು ವಡೆಯನ್ನು ಬಿಸಿಬಿಸಿಯಾಗಿ ಹೋಟೆಲಿನಲ್ಲಿ ಕೂತೇ ತಿನ್ನಬೇಕು ಅನ್ನುವ ಆಸೆ ನನಗೂ ಇದೆ. ನಾಯಿ ಜೊತೆಗಿದ್ದಾಗ ಒಬ್ಬರು ಇಳಿದು ಪಾರ್ಸೆಲ್ ತನ್ನಿ. ಉಳಿದವರು ಬಾಗಿಲು ತೆರೆದಿಟ್ಟುಕೊಂಡು, ನಾಯಿಗೆ ನೀರು ಕುಡಿಸುತ್ತಾ ಕಾರಿನಲ್ಲೇ ಇರಿ. ವಡೆ ತಣ್ಣಗಾದರೂ ಚೆನ್ನಾಗಿರುತ್ತದೆ. ನಾಯಿಗೆ ಮಾತ್ರ ಕೊಡಬೇಡಿ, ಅದರಲ್ಲಿ ನಾಯಿಗೆ ಆಗದ ಈರುಳ್ಳಿ ಇದೆ.